ಹಿತ್ತಲು ನಿಮ್ಮದು, ಬೀಜ ಊರಿನದು

(ಗ್ರಾಮಸಭೆಯಲ್ಲಿ ಮಾಡಿದ ಭಾಷಣ)



ಮುಂಗಾರು ಹಿಡಿದಿದೆ. ಕೈತುಂಬ ಕೆಲಸವಿರುವ ಈ ದಿನಗಳಲ್ಲಿ ನೀವೆಲ್ಲ ಬಂದು ಕುಳಿತಿದ್ದೀರಿ. ಆದುದರಿಂದ ಹೆಚ್ಚು ಹೊತ್ತು ತೆಗೆದುಕೊಳ್ಳದೆ ಒಂದೇ ವಿಷಯವನ್ನು ಹೇಳುತ್ತೇನೆ. ನಮ್ಮ ಅಂಗಳ, ಹಿತ್ತಲು, ತಿಪ್ಪೆಯ ಮಗ್ಗುಲು, ಖಾಲಿ ನಿವೇಶನ, ಇಲ್ಲೆಲ್ಲ ಎದ್ದಿರುವ ಪಾರ್ಥೇನಿಯಂ ಗಿಡದ ವಿಷಯ ಅದು. ಕಾಂಗ್ರೆಸ್ ಹುಲ್ಲು ಎಂದರೆ ಮಕ್ಕಳಿಗೂ ಗೊತ್ತು.

"ನನ್ನ ಹಿತ್ತಲಲ್ಲಿ ಏನು ಬೆಳೆದರೆ ನಿಮಗೇನು?" ಎಂದು ಕೇಳುವವರು ಪ್ರತಿ ಊರಿನಲ್ಲಿಯೂ ಇದ್ದಾರೆ. ಕೇಳುವುದು ತಪ್ಪಲ್ಲ. ಉತ್ತರವನ್ನು ಆ ಗಿಡವೇ ಹೇಳುತ್ತದೆ. ಚೆನ್ನಾಗಿ ಬೆಳೆದ ಒಂದು ಗಿಡ 15,000ಕ್ಕೂ ಹೆಚ್ಚು ಬೀಜ ಉದುರಿಸಬಲ್ಲದು. ಆ ಬೀಜ ಗಾಳಿಯಲ್ಲಿ ಹಾರುತ್ತದೆ, ಮಳೆನೀರಿನಲ್ಲಿ ತೇಲುತ್ತದೆ, ಗಾಡಿಯ ಚಕ್ರಕ್ಕೂ ದನದ ಗೊರಸಿಗೂ ಅಂಟಿಕೊಳ್ಳುತ್ತದೆ, ಗೊಬ್ಬರದ ಜೊತೆ ಹೊಲ ಸೇರುತ್ತದೆ. ಅದಕ್ಕೆ ಬೇಲಿ ಗೊತ್ತಿಲ್ಲ. ಹಿತ್ತಲು ನಿಮ್ಮದು ನಿಜ. ಬೀಜ ಮಾತ್ರ ಊರಿನದು.

ಅಮೆರಿಕ ಖಂಡದ ಈ ಗಿಡ ನಮ್ಮ ದೇಶದ ಕಣ್ಣಿಗೆ ಬಿದ್ದದ್ದು 1950ರ ದಶಕದ ನಡುವೆ, ಪುಣೆಯಲ್ಲಿ. ಅಲ್ಲಿಂದ ಇಡೀ ದೇಶಕ್ಕೆ ಹರಡಿತು. ಕೆಲವರಿಗೆ ಮುಟ್ಟಿದರೆ ಸಾಕು, ಕೈ ಕುತ್ತಿಗೆಯ ಮೇಲೆ ತುರಿಕೆ ಏಳುತ್ತದೆ. ಅದರ ಪರಾಗದಿಂದ ಸೀನು, ಉಬ್ಬಸ ಬರುವವರಿದ್ದಾರೆ. ಮೇವಿನ ಜೊತೆ ದನ ತಿಂದರೆ ಹಾಲು ಕಹಿಯಾಗುತ್ತದೆ.

ಇದಕ್ಕೆ ಕಾನೂನು ಇಲ್ಲವೇ? ಇದೆ. ನಮ್ಮ ರಾಜ್ಯದಲ್ಲಿ 1968ರ ಕೃಷಿ ಪೀಡೆ ಮತ್ತು ರೋಗಗಳ ಕಾಯಿದೆಯ ಕೆಳಗೆ 1975ರಲ್ಲಿ ಪಾರ್ಥೇನಿಯಂ ಅನ್ನು ಪೀಡೆಯೆಂದು ಸಾರಲಾಯಿತು. ಜಮೀನು ಯಾರ ವಶದಲ್ಲಿದೆಯೋ ಅವರೇ ಅದನ್ನು ತೆಗೆಯತಕ್ಕದ್ದು ಎಂಬುದು ಇದರ ತಾತ್ಪರ್ಯ. ಊರಿನ ನೈರ್ಮಲ್ಯ ನೋಡುವ ಹೊಣೆ ಗ್ರಾಮ ಪಂಚಾಯತಿಯ ಮೇಲೆಯೂ ಇದೆ. ಆದರೆ ಕಾಗದದ ಮೇಲಿನ ಕಾನೂನಿನಿಂದ ಒಂದು ಗಿಡವೂ ಬೇರು ಬಿಟ್ಟು ಏಳುವುದಿಲ್ಲ. ಆಜ್ಞೆ ಹೊರಟು ಇಷ್ಟು ವರ್ಷ ಕಳೆದರೂ ಗಿಡ ಎಲ್ಲಿದೆಯೋ ಅಲ್ಲಿಯೇ ಇದೆ.

"ಹಾಗಾದರೆ ಬಿಗಿಯಾಗಿ ದಂಡ ಹಾಕೋಣ" ಎಂದು ಕೆಲವರು ಹೇಳುತ್ತಾರೆ. ದಂಡದ ಕಥೆಯನ್ನೂ ಸ್ವಲ್ಪ ಕೇಳಿ. ಅಮೆರಿಕದ ಅನೇಕ ಊರುಗಳಲ್ಲಿ ಮನೆಯ ಮುಂದಿನ ಹುಲ್ಲು ಇಂತಿಷ್ಟು ಅಂಗುಲಕ್ಕಿಂತ ಎತ್ತರ ಬೆಳೆಯಬಾರದೆಂಬ ನಿಯಮವಿದೆ. ಮೀರಿದರೆ ನೋಟೀಸು, ಆಮೇಲೆ ದಂಡ. ಫ್ಲಾರಿಡಾ ರಾಜ್ಯದ ಒಂದು ಊರಿನಲ್ಲಿ 2018ರಲ್ಲಿ ಮನೆಯ ಯಜಮಾನರೊಬ್ಬರು ತೀರಿಹೋದ ತಾಯಿಯ ಆಸ್ತಿಯ ವ್ಯವಹಾರಕ್ಕಾಗಿ ಬೇರೆ ರಾಜ್ಯಕ್ಕೆ ಹೋಗಿದ್ದರು. ಹುಲ್ಲು ಕತ್ತರಿಸಲು ಒಪ್ಪಿಕೊಂಡಿದ್ದ ಗೆಳೆಯ ಅಷ್ಟರಲ್ಲಿ ತೀರಿಕೊಂಡ. ಹುಲ್ಲು ಬೆಳೆಯಿತು. ದಿನಕ್ಕೆ 500 ಡಾಲರಿನಂತೆ ದಂಡವೂ ಬೆಳೆದು 30,000 ಡಾಲರಿನ ಹತ್ತಿರಕ್ಕೆ ಮುಟ್ಟಿತು. 2021ರಲ್ಲಿ ನ್ಯಾಯಾಲಯವೂ ಆ ದಂಡವನ್ನು ಎತ್ತಿಹಿಡಿಯಿತು. ನಿಯಮ ಗೆದ್ದಿತು. ಆದರೆ "ಹುಲ್ಲು ಏಕೆ ಬೆಳೆಯಿತು?" ಎಂದು ಮೊದಲೇ ಹೋಗಿ ಕೇಳಿದ್ದರೆ ಒಂದು ಗಂಟೆಯ ಕೆಲಸದಲ್ಲಿ ಮುಗಿಯುತ್ತಿತ್ತು.

ನಮ್ಮ ಊರಿಗೆ ಬನ್ನಿ. ಹಿತ್ತಲು ಕಾಡಾಗಿರುವ ಮನೆ ಯಾರದೆಂದು ನೋಡಿ. ಒಂದು ಮನೆಯವರು ಬೆಂಗಳೂರಿನಲ್ಲಿದ್ದಾರೆ, ಬಾಗಿಲಿಗೆ ಬೀಗ. ಇನ್ನೊಂದರಲ್ಲಿ ಮುದುಕಿ ಒಬ್ಬಳೇ; ಬಗ್ಗಿದರೆ ಏಳಲಾರಳು. ಮತ್ತೊಂದರಲ್ಲಿ ಯಜಮಾನ ಕಾಯಿಲೆಯಿಂದ ಮಲಗಿದ್ದಾನೆ. ಇವರ ಬಾಗಿಲಿಗೆ ನೋಟೀಸು ಅಂಟಿಸಿದರೆ ಗಿಡ ಸಾಯುವುದಿಲ್ಲ. ಮನಸ್ಸು ಮಾತ್ರ ಒಡೆಯುತ್ತದೆ. ಶಕ್ತಿಯಿದ್ದೂ ಸೋಮಾರಿತನದಿಂದ ಬಿಟ್ಟವನಿಗೆ ನೋಟೀಸು ಇರಲಿ, ಬೇಡ ಎನ್ನುವುದಿಲ್ಲ. ಆದರೆ ನೋಟೀಸಿಗಿಂತ ಮೊದಲು ನೆರೆಯವನು ಹೋಗಬೇಕು.

ಆದುದರಿಂದ ನಾವು ಮೂರು ಮಾತಿಗೆ ಒಪ್ಪಿಕೊಳ್ಳೋಣ.

ಮೊದಲನೆಯದು: ಪಂಚಾಯತಿ ತನ್ನ ಜಾಗವನ್ನು ಮೊದಲು ಶುದ್ಧ ಮಾಡಲಿ. ರಸ್ತೆಯ ಬದಿ, ಶಾಲೆಯ ಬಯಲು, ಚರಂಡಿಯ ದಡ, ಇಲ್ಲಿ ಗಿಡ ಆಳೆತ್ತರ ನಿಂತಿರುವಾಗ ಬಡವನ ಹಿತ್ತಲಿಗೆ ಬೆರಳು ತೋರಿಸುವುದು ನ್ಯಾಯವಲ್ಲ.

ಎರಡನೆಯದು: ಪ್ರತಿ ಮನೆಯವರೂ ತಮ್ಮ ಎಲ್ಲೆಯೊಳಗಿನ ಗಿಡವನ್ನು ಹೂ ಬಿಡುವ ಮೊದಲೇ ಬೇರುಸಹಿತ ಕೀಳಬೇಕು. ಮೊಳೆತ ಒಂದೆರಡು ತಿಂಗಳಲ್ಲಿಯೇ ಅದು ಹೂವಿಗೆ ಬರುತ್ತದೆ. ಮಳೆ ಬಂದು ನೆಲ ಮೆತ್ತಗಿರುವಾಗ ಸುಲಭವಾಗಿ ಕಿತ್ತು ಬರುತ್ತದೆ. ಬರಿಗೈಯಿಂದ ಮುಟ್ಟಬೇಡಿ, ಕೈಗೆ ಪ್ಲಾಸ್ಟಿಕ್ ಚೀಲವನ್ನಾದರೂ ಸುತ್ತಿಕೊಳ್ಳಿ. ಹೂ ಬಿಡದ ಗಿಡ ಕಾಂಪೋಸ್ಟ್ ಗುಂಡಿಗೆ ಒಳ್ಳೆಯ ಗೊಬ್ಬರ. ಹೂ ಬಿಟ್ಟದ್ದನ್ನು ಗುಂಡಿಗೆ ಹಾಕಬೇಡಿ. ಬೆಳೆ ತೆಗೆಯದ ಜಾಗದಲ್ಲಾದರೆ ಲೀಟರ್ ನೀರಿಗೆ 200 ಗ್ರಾಂ ಅಡುಗೆ ಉಪ್ಪು ಕರಗಿಸಿ ಬಿಸಿಲಿನಲ್ಲಿ ಎಲೆ ನೆನೆಯುವಂತೆ ಸಿಂಪಡಿಸಬಹುದು. ಹೊಲಕ್ಕೆ ಮಾತ್ರ ಬೇಡ, ಮಣ್ಣು ಕೆಡುತ್ತದೆ. ತೆರವಾದ ಜಾಗದಲ್ಲಿ ತಗಚೆಯನ್ನೋ ಚೆಂಡುಹೂವನ್ನೋ ಬಿತ್ತಿದರೆ ಪಾರ್ಥೇನಿಯಂ ತಲೆ ಎತ್ತಲು ಎಡೆ ಸಿಗುವುದಿಲ್ಲ. ಇದರ ಎಲೆಯನ್ನೇ ತಿನ್ನುವ ಮೆಕ್ಸಿಕೋ ದೇಶದ ಒಂದು ದುಂಬಿಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಡಲಾಯಿತು. ಮಳೆಗಾಲದಲ್ಲಿ ಗಿಡದ ಮೇಲೆ ಅದು ಕಂಡರೆ ಕೊಲ್ಲಬೇಡಿ. ಅದೂ ನಮ್ಮ ಆಳೇ.

ಮೂರನೆಯದು: ಕೀಳಲಾರದವರ ಹಿತ್ತಲನ್ನು ಆ ಓಣಿಯ ಜನ ಕೂಡಿ ಶುದ್ಧ ಮಾಡಬೇಕು. ಬೀಗ ಹಾಕಿದ ಮನೆಯವರಿಗೆ ಫೋನು ಮಾಡಿ ಒಪ್ಪಿಗೆ ಪಡೆಯಬೇಕು; ಕೂಲಿಯ ಖರ್ಚನ್ನು ಅವರೇ ಕೊಡಲಿ. ಹಬ್ಬಕ್ಕೆ ಊರಿಗೆ ಬಂದಾಗ ಅವರೂ ಇದೇ ಗಾಳಿಯನ್ನೇ ಉಸಿರಾಡಬೇಕಲ್ಲವೇ?

ಒಂದು ವರ್ಷ ಕಿತ್ತು ಸುಮ್ಮನಾದರೆ ಸಾಲದು. ಮಣ್ಣಿನಲ್ಲಿ ಅಡಗಿರುವ ಬೀಜ ಮುಂದಿನ ಮಳೆಗೂ ಏಳುತ್ತದೆ, ಅದರಾಚೆಯ ಮಳೆಗೂ ಏಳುತ್ತದೆ. ನಾವೂ ಅಷ್ಟೇ ಹಟದಿಂದ ಏಳಬೇಕು. ಈ ಸಲ ಸಭೆ ಮುಗಿಸಿ ಮನೆಗೆ ಹೋದಾಗ ನಿಮ್ಮ ಹಿತ್ತಲನ್ನು ಒಮ್ಮೆ ನೋಡಿ. ಆಮೇಲೆ ಬೇಲಿಯಾಚೆ ನೆರೆಯವರ ಹಿತ್ತಲನ್ನೂ ನೋಡಿ. ಅಲ್ಲಿ ಗಿಡ ಕಂಡರೆ ದೂರು ಬರೆಯಬೇಡಿ. ಮೊದಲು ಹೋಗಿ ಬಾಗಿಲು ತಟ್ಟಿ.