ಕಲ್ಲು ನೆಲದಾಗ ಬೇಲಿ ಕಂಬದ ಕುಣಿ

(ಬೆಳ್ಳಿ ಹಬ್ಬದ ರೈತ ಗೋಷ್ಠಿಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರದ ಬೀಜ ಬಿತ್ತಿದರು. ಆ ಬೀಜದ ಒಂದು ಸಸಿ ನಮ್ಮ ಸಂಘ. ಸಂಘದ ಚರಿತ್ರೆ ಹೇಳಲು ನನಗಿಂತ ಬಲ್ಲವರು ಇಲ್ಲಿ ಕುಂತಿದ್ದಾರೆ. ನಾನು ಹೊಲದ ಮಾತು ಹೇಳ್ತೀನಿ.

ನಮ್ಮ ಕಲಬುರಗಿ ತೊಗರಿಗೆ 2019ರಲ್ಲಿ ಜಿ.ಐ. ಮಾನ್ಯತೆ ಸಿಕ್ಕಿತು. ಆದರೆ ಕಾಡುಹಂದಿಗೆ ಆ ಸರ್ಟಿಫಿಕೇಟು ತೋರಿಸಿದರೆ ನಡೀತದೇನು? ಒಂದೇ ರಾತ್ರಿಯಲ್ಲಿ ಹೊಲ ಹಾಳು ಮಾಡಿ ಹೋಗ್ತದ. ಅದಕ್ಕೆ ಕೆಲವರು ತಂತಿಗೆ ನೇರವಾಗಿ ಕರೆಂಟು ಕೊಡ್ತಾರ. ಇದು ಕಾನೂನಿನ ಪ್ರಕಾರ ಅಪರಾಧ. ಅದಕ್ಕಿಂತ ಹೆಚ್ಚಾಗಿ, ಕತ್ತಲಾಗ ನೀರು ಹಾಯಿಸಲು ಹೋದ ನಮ್ಮ ಮಕ್ಕಳೇ ಅದಕ್ಕೆ ಬಲಿಯಾಗ್ತಾರ. ಹಂದಿ ಉಳಿದು ಮನುಷ್ಯ ಹೋದರೆ ತೊಗರಿ ಯಾರಿಗೆ ಬೇಕು? ಗಟ್ಟಿ ಕಂಬದ ಬೇಲಿಯೇ ನಮಗೆ ದಾರಿ.

ಆದರೆ ಕಂಬ ನಿಲ್ಲಿಸಲು ಕುಣಿ ಬೇಕು; ನಮ್ಮ ನೆಲ ಸುಮ್ಮನೆ ಬಿಡೋದಿಲ್ಲ. ಸೇಡಂ, ಚಿತ್ತಾಪುರ ಕಡೆ ಮೇಲೆ ಯರಿ ಮಣ್ಣು, ಕೆಳಗೆ ಪರಸಿ ಕಲ್ಲು. ವಾಡಿ, ಶಹಾಬಾದ ಕಡೆ ಎಷ್ಟೋ ಹೊಲಗಳಲ್ಲಿ ಗೇಣು ಮಣ್ಣು ತೆಗೆದರೆ ಹಾಸುಗಲ್ಲೇ ಬರ್ತದ. ಚಿಂಚೋಳಿಯ ಎತ್ತರದ ಕಡೆ ಕೆಂಪು ಜಂಬಿಟ್ಟಿಗೆ ಕಲ್ಲು. ಒಂದೊಂದು ನೆಲಕ್ಕೆ ಒಂದೊಂದು ಉಪಾಯ ಬೇಕು.

ಟ್ರ್ಯಾಕ್ಟರಿನ ಹಿಂದೆ ಕಟ್ಟಿ ಗಿರಮಿಟ್ಟಿನಂತೆ ತಿರುಗಿಸುವ ಕುಣಿ ತೋಡುವ ಮಷೀನು ಯರಿ ಮಣ್ಣಿಗೆ, ಮುರುಮಿಗೆ ಬಹಳ ಚಲೋ. ಸಣ್ಣ ಕಲ್ಲು ಕೂಡಿದ ನೆಲದಾಗ ಸ್ವಲ್ಪ ಸ್ವಲ್ಪ ಇಳಿಸಿ, ಮೇಲೆತ್ತಿ, ಮಣ್ಣು ಉದುರಿಸಿ ಮತ್ತೆ ಇಳಿಸಬೇಕು. ಹಾಸುಗಲ್ಲು ತಾಕಿದ ಮೇಲೆ ಒತ್ತಿದರೆ ಕಲ್ಲು ಒಡೆಯೋದಿಲ್ಲ, ಹಲ್ಲು ಸವೀತಾವ. ಅದರ ಶಾಫ್ಟಿನಲ್ಲಿ ಒಂದು ಮೆತ್ತನ್ನ ಬೋಲ್ಟು ಇರ್ತದ. ಭಾರ ಹೆಚ್ಚಾದಾಗ ಅದು ಮುರಿದು ಗೇರ್ ಬಾಕ್ಸನ್ನು ಉಳಿಸ್ತದ. ಪದೇ ಪದೇ ಮುರೀತದಂತ ಗಟ್ಟಿ ಬೋಲ್ಟು ಹಾಕಬಾರದು.

ಇನ್ನೊಂದು ಮಾತು ಯುವಕರಿಗೆ. ಪಿ.ಟಿ.ಒ. ಶಾಫ್ಟು ನಿಮಿಷಕ್ಕೆ 540 ಸುತ್ತು, ಅಂದರೆ ಸೆಕೆಂಡಿಗೆ 9 ಸುತ್ತು ತಿರುಗ್ತದ. ಧೋತರದ ಚುಂಗು, ಹೆಗಲ ಮೇಲಿನ ವಲ್ಲಿ, ಸೀರೆ ಸೆರಗು ಸಿಕ್ಕರೆ ಅಯ್ಯೋ ಅನ್ನಲಿಕ್ಕೂ ಸಮಯ ಸಿಗೋದಿಲ್ಲ. ಶಾಫ್ಟಿನ ಮುಚ್ಚಳ ತೆಗೆಯಬೇಡಿರಿ. ಭಾರ ಸಾಲದಂತ ಮಷೀನಿನ ಮೇಲೆ ಆಳು ಕೂಡಿಸಬೇಡಿರಿ. ಕುಣಿಯಾಗ ಸಿಕ್ಕಿಬಿದ್ದರೆ ಎಂಜಿನ್ ಬಂದ್ ಮಾಡಿ, ಆಮೇಲೆ ಕೈ ಹಾಕಿರಿ.

ಹಾಸುಗಲ್ಲಿಗೆ ನಮ್ಮ ಕಡೆ ಬಾವಿ ತೋಡಲು ಬರುವ ಟ್ರ್ಯಾಕ್ಟರ್ ಕಂಪ್ರೆಸರೇ ಸರಿ. ಮೊದಲು ಹಾರಿಯಿಂದ ಬಡಿದು ನೋಡಬೇಕು. ಠಣ್ ಅಂದರೆ ಹಾಸುಗಲ್ಲು. ಮಂದ ಸಪ್ಪಳ ಬಂದು ಅಲುಗಿದರೆ ಬಿಡಿ ಗುಂಡು, ಎಬ್ಬಿಸಿ ತೆಗೆಯಬಹುದು. ಪರಸಿ ಪದರ ಪದರ ಇರ್ತದ, ನಡುವೆ ಸೀಳು ಇರ್ತಾವ. ಸಾಲು ಬಿಡದೆ ಕುಣಿಯನ್ನು ಅರ್ಧ ಅಡಿ ಆಚೀಚೆ ಸರಿಸಿದರೆ ಎಷ್ಟೋ ಸಲ ಸೀಳು ಸಿಗ್ತದ. ಗಣಿ ಕೆಲಸದವರು ಚಾಣ ಹಾಕಿ ಪದರ ಎಬ್ಬಿಸುವ ವಿದ್ಯೆಯೂ ಇದೇ. ಸೀಳು ಇಲ್ಲದಿದ್ದರೆ ದೊಡ್ಡ ಕುಣಿಯ ಹಟ ಬೇಡ. ಒಂದು ರಂಧ್ರ ಕೊರೆದು, ಧೂಳು ತೆಗೆದು, ಕಬ್ಬಿಣದ ಕಂಬ ಇಳಿಸಿ ಸಿಮೆಂಟ್ ಹಾಕಿದರೆ ಸಾಕು. ಕೊರೆಯುವವರು ಮೂಗು ಬಾಯಿಗೆ ಬಟ್ಟೆ, ಕಣ್ಣಿಗೆ ಕನ್ನಡಕ ಹಾಕಲೇಬೇಕು. ಲೈಸೆನ್ಸ್ ಇಲ್ಲದೆ ಮದ್ದು ಸಿಡಿಸುವ ಮಾತೇ ಬೇಡ.

ಯರಿ ಹೊಲದಾಗ ಕಂಬದ ಮೂರನೆಯ ಒಂದು ಪಾಲು ನೆಲದೊಳಗೆ ಹೋಗಬೇಕು. ಈ ಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವುದರಿಂದ ಕುಣಿಗೆ ತೆಗೆದ ಮಣ್ಣನ್ನೇ ತುಂಬದೆ ಕಲ್ಲು, ಮುರುಮು ಹಾಕಿ ಗುದ್ದಬೇಕು. ಮೂಲೆಯ ಕಂಬಕ್ಕೆ ಆಸರೆ ಕಂಬ ಕೊಡಬೇಕು. ತಂತಿಯ ಎಳೆತವೆಲ್ಲಾ ಅದರ ಮೇಲೇ.

ಈಗ ಲೆಕ್ಕ ನೋಡೋಣ. ಚೌಕಾಗಿರುವ ಒಂದು ಎಕರೆಯ ಸುತ್ತಳತೆ ಸುಮಾರು 835 ಅಡಿ. ಅಕ್ಕಪಕ್ಕದ ನಾಲ್ವರು ಒಂದೊಂದು ಎಕರೆಗೆ ಬೇರೆ ಬೇರೆ ಬೇಲಿ ಹಾಕಿದರೆ 3,340 ಅಡಿ. ನಾಲ್ವರೂ ಕೂಡಿ ಹೊರಗಿನಿಂದ ಒಂದೇ ಬೇಲಿ ಹಾಕಿದರೆ 1,670 ಅಡಿ. 8 ಅಡಿಗೆ ಒಂದು ಕಂಬ ಹಿಡಿದರೆ ಸುಮಾರು 418 ಕುಣಿಯ ಬದಲು 209 ಕುಣಿ. ಕಂಬ, ತಂತಿ, ಬಾಡಿಗೆ ಎಲ್ಲಾ ಅರ್ಧಕ್ಕರ್ಧ! ಇದಕ್ಕೇ ಸಹಕಾರ ಅನ್ನೋದು.

ಹಾಗಾಗಿ ನನ್ನ ವಿನಂತಿ ಇಷ್ಟು. ಹೊಲ ಹೊಂದಿಕೊಂಡಿರುವವರು ಗುಂಪು ಮಾಡಿರಿ. ಮೊದಲು ಹದ್ದುಬಸ್ತು ಮಾಡಿಸಿರಿ. ಕಲ್ಲಿನಾಗ ನಿಂತ ಕಂಬ ಕೀಳೋದು ಕಷ್ಟ, ಅಣ್ಣ ತಮ್ಮಂದಿರ ಕೋರ್ಟು ಕಚೇರಿ ಅದಕ್ಕಿಂತ ಕಷ್ಟ. ಬಂಡಿ ದಾರಿ ಮುಚ್ಚಬೇಡಿರಿ. ಬಾಡಿಗೆ ಮಷೀನನ್ನು ಗುಂಪಿನ ಹೆಸರಿನಲ್ಲಿ ಒಂದೇ ಸಲ ಕರೆಸಿರಿ, ದರವನ್ನು ಮೊದಲೇ ಬರೆದಿಡಿರಿ. ಬೇಡಿಕೆ ಎಷ್ಟಿದೆ ಎಂದು ಸಂಘದಲ್ಲಿ ಹೆಸರು ಬರೆಸಿದರೆ ಸಂಘವೇ ಒಂದು ಮಷೀನು ತರುವ ವಿಷಯವನ್ನು ಆಡಳಿತ ಮಂಡಳಿಯ ಮುಂದೆ ಇಡುವ ಜವಾಬ್ದಾರಿ ನನ್ನದು.

ಒಬ್ಬರಿಗಾಗಿ ಎಲ್ಲರೂ, ಎಲ್ಲರಿಗಾಗಿ ಒಬ್ಬರು ಎಂಬುದು ಗೋಡೆ ಮೇಲಿನ ಬರಹವಾಗಿ ಉಳಿಯದೆ ಹೊಲದ ಬದುವಿನ ತನಕ ಬರಲಿ ಎಂದು ಹೇಳಿ, ನನ್ನ ನಾಲ್ಕು ಮಾತು ಮುಗಿಸ್ತೀನಿ.

ಜೈ ಸಹಕಾರ.