ನಿಮ್ಮ ಊರಿನ ತಂಡ ಯಾವುದು ಸ್ವಾಮಿ?



ಇವತ್ತು ರಾಜಕೀಯ ಬೇಡ. ಒಂದು ಸಣ್ಣ ಪ್ರಶ್ನೆ ಕೇಳ್ತೀನಿ. ನೀವು ಯಲಹಂಕದವರು, ಹೆಬ್ಬಾಳದವರು, ಯಶವಂತಪುರ ಅಥವಾ ಆರ್.ಟಿ. ನಗರದವರು ಅಂತ ಇಟ್ಕೊಳ್ಳಿ. ನಿಮ್ಮ ಊರಿನ ತಂಡ ಯಾವುದು? ಆರ್‌ಸಿಬಿ ಅನ್ಬೇಡಿ. ಅದು ಇಡೀ ರಾಜ್ಯದ್ದು. ನಿಮ್ಮದು ಅಂತ, ನಿಮ್ಮ ಬಡಾವಣೆಯದು ಅಂತ, ಸೋತರೂ ಭಾನುವಾರ ಹೋಗಿ ಬೈದು ಬರೋದಕ್ಕೆ ಒಂದು ತಂಡ ಇದೆಯಾ?

ಇಲ್ಲ. ಯಲಹಂಕ ಹಳೇ ಟೌನು, ನ್ಯೂ ಟೌನು ಸೇರಿದರೆ ಒಂದು ಜಿಲ್ಲಾ ಕೇಂದ್ರದಷ್ಟು ದೊಡ್ಡದು. ಆದರೂ ಇಲ್ಲ. ಆರ್.ಟಿ. ನಗರದ ಎಚ್‌ಎಂಟಿ ಮೈದಾನಕ್ಕೆ ಭಾನುವಾರ ಬೆಳಿಗ್ಗೆ ಹೋಗಿ ನೋಡಿ. ಒಂದೇ ಮೈದಾನದಲ್ಲಿ ಅದೆಷ್ಟೋ ಟೆನಿಸ್ ಬಾಲ್ ಪಂದ್ಯ. ಒಬ್ಬನ ಬೆನ್ನ ಮೇಲೆ ಕೊಹ್ಲಿ, ಇನ್ನೊಬ್ಬನ ಬೆನ್ನ ಮೇಲೆ ಮೆಸ್ಸಿ. ಆರ್.ಟಿ. ನಗರ ಅನ್ನೋ ಹೆಸರು ಮಾತ್ರ ಯಾರ ಬೆನ್ನ ಮೇಲೂ ಇಲ್ಲ.

ಊರಿನ ಹೆಸರಿನ ತಂಡಗಳು ರಾಜ್ಯದಲ್ಲಿ ಇಲ್ಲವೇ? ಇವೆ. ಮಹಾರಾಜ ಟ್ರೋಫಿ ನೋಡಿ. 2022ರಲ್ಲಿ ಗುಲ್ಬರ್ಗ ಮಿಸ್ಟಿಕ್ಸ್ ಗೆದ್ದಿತು, 2023ರಲ್ಲಿ ಹುಬ್ಬಳ್ಳಿ ಟೈಗರ್ಸ್, 2025ರಲ್ಲಿ ಮಂಗಳೂರು ಡ್ರ್ಯಾಗನ್ಸ್. ಸಂತೋಷ. ಆದರೆ ಆ ನಾಲ್ಕು ವರ್ಷದ ಪಂದ್ಯಗಳು ನಡೆದಿದ್ದು ಬೆಂಗಳೂರು, ಮೈಸೂರಿನಲ್ಲಿ. ಕಲಬುರಗಿಯ ಹುಡುಗ ತನ್ನೂರಿನ ತಂಡ ಕಪ್ ಎತ್ತಿದ್ದನ್ನು ನೋಡಿದ್ದು ಟಿವಿಯಲ್ಲಿ. ಊರಿನ ಹೆಸರು ಅಂಗಿ ಮೇಲಿದೆ, ಆಟ ಮಾತ್ರ ಊರಿಗೆ ಬಂದಿಲ್ಲ.

ಈಗ ಸ್ವಲ್ಪ ದೂರ ಹೋಗೋಣ. ಅಮೆರಿಕದಲ್ಲಿ ಬೇಸ್‌ಬಾಲ್‌ಗೆ ಮೈನರ್ ಲೀಗ್ ಅಂತ ಇದೆ. ದೊಡ್ಡ ತಂಡಗಳ ಕೆಳಗೆ ಸಣ್ಣ ಸಣ್ಣ ಪಟ್ಟಣಗಳ ತಂಡಗಳು. ಅಲ್ಲಿ ವ್ಯವಸ್ಥೆ ಹೇಗಪ್ಪಾ ಅಂದ್ರೆ, ಆಟಗಾರರಿಗೆ ಸಂಬಳ ಕೊಡೋದು ಮೇಲಿನ ದೊಡ್ಡ ಕ್ಲಬ್. ಚೆನ್ನಾಗಿ ಆಡಿದವನನ್ನು ಸೀಸನ್ ಮಧ್ಯದಲ್ಲೇ ಕರೆದುಕೊಂಡು ಹೋಗೋದೂ ಅವರೇ. ಸ್ಥಳೀಯ ಮಾಲೀಕನ ಕೈಯಲ್ಲಿ ಉಳಿಯೋದು ಮೈದಾನ, ಟಿಕೆಟ್ಟು, ತಿಂಡಿ ಅಂಗಡಿ ಮತ್ತು ಊರಿನ ಜನ. ಗೆಲುವನ್ನು ಅವನು ಮಾರೋಕೆ ಆಗಲ್ಲ, ಯಾಕಂದ್ರೆ ಗೆಲುವು ಅವನ ಕೈಯಲ್ಲಿಲ್ಲ. ಹಾಗಾಗಿ ಅವನು ಒಂದು ಒಳ್ಳೆ ಸಂಜೆಯನ್ನು ಮಾರುತ್ತಾನೆ. ಮಕ್ಕಳನ್ನು ಮೈದಾನಕ್ಕಿಳಿಸಿ ಓಡಿಸ್ತಾನೆ, ಊರಿನ ಶಾಲೆಯ ಬ್ಯಾಂಡ್ ಕರೆಸ್ತಾನೆ, ನಾಲ್ಕು ಜನರ ಸಂಸಾರದ ಜೇಬಿಗೆ ಎಟುಕುವ ದರ ಇಡ್ತಾನೆ.

ಸುಲಭ ಅಂದ್ಕೋಬೇಡಿ. 2021ರಲ್ಲಿ ದೊಡ್ಡ ಲೀಗು ತನ್ನ ಅಡಿಯ ತಂಡಗಳನ್ನು 160ರಿಂದ 120ಕ್ಕೆ ಇಳಿಸಿತು. ಎಷ್ಟೋ ಪಟ್ಟಣಗಳಿಗೆ ಸೂತಕ. ಸವಾನಾ ಅನ್ನೋ ಊರಿನ ತಂಡವಂತೂ ಅದಕ್ಕೂ ಮೊದಲೇ, 2015ರಲ್ಲೇ, ಊರು ಬಿಟ್ಟು ಹೋಗಿತ್ತು. ಮರುವರ್ಷ ಅದೇ ಹಳೇ ಮೈದಾನದಲ್ಲಿ ಕಾಲೇಜು ಹುಡುಗರನ್ನಿಟ್ಟುಕೊಂಡು ಒಬ್ಬ ದಂಪತಿ ಹೊಸ ತಂಡ ಕಟ್ಟಿದರು. ಹೆಸರು ಬನಾನಾಸ್, ಅಂದರೆ ಬಾಳೆಹಣ್ಣು! ದುಡ್ಡಿಲ್ಲದೆ ಇದ್ದ ಮನೆ ಮಾರಿದರು. ಟಿಕೆಟ್‌ನಲ್ಲೇ ಊಟವನ್ನೂ ಸೇರಿಸಿದರು. ಇವತ್ತು ಆ ತಂಡ ಬೇರೆ ಊರಿನ ದೊಡ್ಡ ಸ್ಟೇಡಿಯಂಗಳನ್ನೂ ತುಂಬಿಸುತ್ತೆ.

ನಮ್ಮಲ್ಲಿ ಆಗಲ್ವಾ? ಆಗಿದೆ. 2013ರಲ್ಲಿ ಬೆಂಗಳೂರು ಎಫ್‌ಸಿ ಶುರುವಾಯಿತು. ಅಶೋಕನಗರದ ಹಳೇ ಫುಟ್‌ಬಾಲ್ ಮೈದಾನ. ಮೊದಲ ಸೀಸನ್ನಲ್ಲೇ ಐ-ಲೀಗ್ ಗೆದ್ದರು. ಆದರೆ ಕಪ್ಪಿಗಿಂತ ದೊಡ್ಡದು ವೆಸ್ಟ್ ಬ್ಲಾಕ್. ತೊಂಬತ್ತು ನಿಮಿಷ ನಿಂತೇ ಹಾಡುವ ಹುಡುಗ ಹುಡುಗಿಯರು. ಪಂದ್ಯ ಮುಗಿದ ಮೇಲೆ ಆಟಗಾರರು ಅವರ ಮುಂದೆ ಹೋಗಿ ನಿಂತು ಚಪ್ಪಾಳೆ ತಟ್ಟಿ ಹೋಗ್ತಾರೆ. ಆ ತಂಡದ ನಾಯಕನಾಗಿದ್ದ ಸುನಿಲ್ ಚೆಟ್ರಿ 2018ರಲ್ಲಿ ದೇಶಕ್ಕಾಗಿ ಆಡುವಾಗ ಏನು ಮಾಡಿದರು ನೆನಪಿದೆಯಾ? ಮುಂಬೈನಲ್ಲಿ ಪಂದ್ಯ, ಭಾರತ ಐದು ಗೋಲಿನಿಂದ ಗೆದ್ದಿತ್ತು, ನೋಡಿದವರು 2,569 ಜನ. ಚೆಟ್ರಿ ಕೈಮುಗಿದು ಒಂದು ವಿಡಿಯೋ ಮಾಡಿದರು. ಬೈಯೋದಾದ್ರೂ ಸರಿ, ಮೈದಾನಕ್ಕೆ ಬಂದು ಬೈಯಿರಿ ಅನ್ನೋದು ಅದರ ತಾತ್ಪರ್ಯ. ಮುಂದಿನ ಪಂದ್ಯಕ್ಕೆ ಟಿಕೆಟ್ ಎಲ್ಲ ಖಾಲಿ! ಜನ ಬರಲ್ಲ ಅಂತಲ್ಲ ಸ್ವಾಮಿ, ಜನರನ್ನು ಕರೆಯೋರಿಲ್ಲ.

ಕರೆಯದಿದ್ದರೆ ಏನಾಗುತ್ತೆ? 2009ರಲ್ಲಿ ಶುರುವಾದ ಕೆಪಿಎಲ್ ನೆನಪಿಸಿಕೊಳ್ಳಿ. 2019ರಲ್ಲಿ ಬೆಟ್ಟಿಂಗ್, ಫಿಕ್ಸಿಂಗ್ ಪ್ರಕರಣ. ತಂಡವೊಂದರ ಮಾಲೀಕರು, ಆಟಗಾರರ ಬಂಧನ. ಆ ಲೀಗು ಮತ್ತೆ ಏಳಲಿಲ್ಲ. ನನಗನ್ನಿಸೋದು ಇಷ್ಟೇ. ಗ್ಯಾಲರಿಯಲ್ಲಿ ನಮ್ಮ ಅಕ್ಕಪಕ್ಕದ ಮನೆಯವರು ಕೂತಿರುವ ಆಟವನ್ನು ಮಾರೋಕೆ ಕೈ ನಡುಗುತ್ತೆ. ಯಾರದ್ದೂ ಅಲ್ಲದ ತಂಡವನ್ನು ಯಾರು ಬೇಕಾದರೂ ಮಾರಬಹುದು.

ಮಾಲೀಕನೇ ಇಲ್ಲದೆಯೂ ಆಟ ಬೆಳೆಯುತ್ತೆ. ಕೊಡಗಿಗೆ ಹೋಗಿ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಕೊಡವ ಕುಟುಂಬಗಳ ಹಾಕಿ ಉತ್ಸವ ಶುರುಮಾಡಿದಾಗ 60 ಕುಟುಂಬ. 2024ರಲ್ಲಿ 360. ವರ್ಷಕ್ಕೊಂದು ಕುಟುಂಬ ಹೊಣೆ ಹೊರುತ್ತೆ. ಅಜ್ಜನೂ ಆಡ್ತಾನೆ, ಸೊಸೆಯೂ ಆಡ್ತಾಳೆ. ಅಲ್ಲಿ ನಿಮ್ಮ ತಂಡ ಯಾವುದು ಅಂತ ಕೇಳಬೇಕಾಗಿಲ್ಲ, ಮನೆ ಹೆಸರು ಹೇಳಿದರೆ ಸಾಕು.

ಇನ್ನು ನಮ್ಮ ತಪ್ಪು. ಹೌದು, ಈ ಮೇಜಿನ ಹಿಂದೆ ಕೂತ ನನ್ನದೂ ಸೇರಿ. ಐಪಿಎಲ್ ಹರಾಜನ್ನು ಇಡೀ ದಿನ ತೋರಿಸ್ತೀವಿ. ಯಲಹಂಕದ ಲೀಗ್ ಪಂದ್ಯಕ್ಕೆ ಒಂದು ಕ್ಯಾಮೆರಾ ಕಳಿಸಲ್ಲ. ಪ್ರೀತಿಗೆಲ್ಲ ಒಂದೇ ತಂಡ, ಒಂದೇ ಬಾಗಿಲು ತೋರಿಸಿದವರು ನಾವು. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ 11 ಜೀವ ಹೋಯಿತು. ವ್ಯವಸ್ಥೆಯ ಲೋಪವನ್ನು ಕಾನೂನು ನೋಡಲಿ. ಆದರೆ ಆ ಮಕ್ಕಳು ಬಂದಿದ್ದು ನಮ್ಮದು ಅನ್ನೋ ಒಂದು ತಂಡ ನೋಡೋಕೆ. ಅಷ್ಟು ಪ್ರೀತಿ ಇರುವ ಊರಿಗೆ ಹತ್ತಿರದಲ್ಲೇ ಹತ್ತು ಮೈದಾನ, ಹತ್ತು ತಂಡ ಬೇಡವೇ?

ಕೋಟಿ ಬೇಕಾಗಿಲ್ಲ. ಬೀಗ ಹಾಕದ ಒಂದು ಮೈದಾನ, ಕುಡಿಯುವ ನೀರು, ಹೆಣ್ಣುಮಕ್ಕಳಿಗೆ ಶೌಚಾಲಯ, ಇಪ್ಪತ್ತು ರೂಪಾಯಿ ಟಿಕೆಟ್ಟು, ಹೊರಗೆ ಚುರುಮುರಿ ಗಾಡಿ. ಭಾನುವಾರ ಸಂಜೆ ನಾಲ್ಕು ಗಂಟೆಗೆ ಯಲಹಂಕ ವರ್ಸಸ್ ಯಶವಂತಪುರ. ಹೆಬ್ಬಾಳ ಫ್ಲೈಓವರ್ ಮೇಲೆ ಸಿಕ್ಕಿಹಾಕಿಕೊಂಡು ಪರಸ್ಪರ ಹಾರ್ನ್ ಹೊಡೆಯೋ ನಾವು, ಒಂದು ದಿನ ಪಕ್ಕಪಕ್ಕ ಕೂತು ಶಿಳ್ಳೆ ಹೊಡೆಯೋಣ.

ಪಂದ್ಯ ನೀವು ಇಡಿ. ಕ್ಯಾಮೆರಾ ನಾನು ತರ್ತೀನಿ.