ಪ್ರಚಾರ ಮಾಡಿದವರ ಹೆಸರು ಯಾರಿಗೆ ಗೊತ್ತು?



ಸಿನಿಮಾ ಗೆದ್ರೆ ಹೀರೋನ ಹೊಗಳ್ತೀವಿ, ಡೈರೆಕ್ಟರ್‌ನ ಹೊಗಳ್ತೀವಿ. ಆ ಸಿನಿಮಾ ಬಂದಿದೆ ಅಂತ ಜನರ ಕಿವಿಗೆ ಹಾಕಿದವರು ಯಾರು? ಅವರ ಹೆಸರು ನಮಗೆ ಗೊತ್ತೇ ಇರಲ್ಲ. ಇವತ್ತು ಅಂಥವರ ಕಥೆ. ನಡೆದಿದ್ದು ಅಮೆರಿಕದಲ್ಲಿ, ಕಪ್ಪುವರ್ಣೀಯ ಪ್ರೇಕ್ಷಕರ ನಡುವೆ.

1971ನೇ ಇಸವಿ. ಮೆಲ್ವಿನ್ ವ್ಯಾನ್ ಪೀಬಲ್ಸ್ ಅಂತ ಒಬ್ಬ ನಿರ್ದೇಶಕ. ಸ್ವಂತ ದುಡ್ಡು, ಸಾಲದ ದುಡ್ಡು ಸೇರಿಸಿ 'ಸ್ವೀಟ್ ಸ್ವೀಟ್‌ಬ್ಯಾಕ್' ಚಿತ್ರ ಮಾಡಿದ್ರು. ಶುರುವಿನಲ್ಲಿ ಸಿಕ್ಕಿದ್ದು ಎರಡೇ ಥಿಯೇಟರ್. ಒಂದು ಡೆಟ್ರಾಯಿಟ್‌ನಲ್ಲಿ, ಇನ್ನೊಂದು ಅಟ್ಲಾಂಟಾದಲ್ಲಿ. ಜಾಹೀರಾತಿಗೆ ಕಾಸಿಲ್ಲ. ಏನು ಮಾಡಿದ್ರು ಗೊತ್ತಾ? ಸಿನಿಮಾಗಿಂತ ಮೊದಲೇ ಹಾಡುಗಳ ರೆಕಾರ್ಡ್ ಬಿಟ್ರು. ಹಾಡೇ ಜಾಹೀರಾತು. ಚಿತ್ರಕ್ಕೆ ಎಕ್ಸ್ ರೇಟಿಂಗ್ ಬಂತು. ಬೇರೆಯವರಾಗಿದ್ರೆ ಮುಚ್ಚಿಡ್ತಿದ್ರು. ಇವರು, ಬಿಳಿಯರೇ ತುಂಬಿದ ಸಮಿತಿ ಕೊಟ್ಟ ರೇಟಿಂಗ್ ನೋಡಿ ಅಂತ ಅದನ್ನೇ ಪ್ರಚಾರಕ್ಕೆ ಬಳಸಿಕೊಂಡ್ರು! ಚಿತ್ರ ಒಂದು ಕೋಟಿ ಡಾಲರ್‌ಗೂ ಹೆಚ್ಚು ಗಳಿಸಿತು.

ನಾನು ಇಂಜಿನಿಯರಿಂಗ್ ಓದಿದವನು. ಸಿಗ್ನಲ್ ಎಷ್ಟೇ ಬಲವಾಗಿದ್ರೂ ಸರಿಯಾದ ಸ್ಟೇಷನ್‌ಗೆ ಟ್ಯೂನ್ ಮಾಡದಿದ್ರೆ ಕೇಳಿಸೋದು ಗೊರಗೊರ ಸದ್ದು ಮಾತ್ರ. ಹಾಲಿವುಡ್‌ಗೆ ಈ ಪಾಠ ಅರ್ಥವಾಗಿದ್ದು ಆ ವರ್ಷವೇ. ಎಂಜಿಎಂ ಸ್ಟುಡಿಯೋ 'ಶಾಫ್ಟ್' ಚಿತ್ರದ ಪ್ರಚಾರಕ್ಕೆ ಯೂನಿವರ್ಲ್ಡ್ ಅನ್ನೋ ಏಜೆನ್ಸಿಯನ್ನ ಕರೆಯಿತು. 1969ರಲ್ಲಿ ಅದನ್ನ ಕಟ್ಟಿದ ಬೈರನ್ ಲೂಯಿಸ್ ಕಪ್ಪುವರ್ಣೀಯರು. ತಮ್ಮ ಜನರ ಜೊತೆ ಹೇಗೆ ಮಾತಾಡಬೇಕು ಅನ್ನೋದನ್ನ ಅವರಿಗೆ ಹೊರಗಿನವರು ಹೇಳಿಕೊಡಬೇಕಾಗಿರಲಿಲ್ಲ. ಚಿತ್ರ ಭರ್ಜರಿಯಾಗಿ ಓಡಿತು. ಹೀಗೆ ಒಂದು ಹೊಸ ವೃತ್ತಿಗೇ ದಾರಿ ಆಯ್ತು.

ಒಳ್ಳೇದೇ ಆಯ್ತಲ್ಲ ಅಂತೀರಾ? ತೊಡಕು ಇರೋದೇ ಇಲ್ಲಿ. ನಿಮ್ಮವರ ಸಿನಿಮಾ ಬಂದಾಗ ಕರೀತೀವಿ, ಉಳಿದಿದ್ದು ನಿಮಗೆ ಗೊತ್ತಾಗಲ್ಲ ಅಂದ್ರೆ? ಕೆಲಸ ಕೊಟ್ಟಂಗೂ ಆಯ್ತು, ಗೆರೆ ಎಳೆದಂಗೂ ಆಯ್ತು. 1970ರ ದಶಕ ಮುಗಿಯೋ ಹೊತ್ತಿಗೆ ಅಂಥ ಚಿತ್ರಗಳ ಅಲೆ ಇಳಿಯಿತು. ಆ ಚಿತ್ರಗಳನ್ನೇ ನಂಬಿದ್ದವರ ಗತಿ ಏನು?

ಈ ಗೆರೆ ದಾಟಿದ ಅಣ್ಣ-ತಂಗಿ ಇದ್ದಾರೆ. ಅಣ್ಣ ಆಶ್ಲಿ ಬೂನ್. 1977ರಲ್ಲಿ 'ಸ್ಟಾರ್ ವಾರ್ಸ್' ಬಿಡುಗಡೆಯ ಹಿಂದೆ ಕೆಲಸ ಮಾಡಿದ ಫಾಕ್ಸ್ ಸ್ಟುಡಿಯೋದ ತಲೆ. ಸಿನಿಮಾ ನಮಗೆಲ್ಲ ಗೊತ್ತು, ಈ ಹೆಸರು ಎಷ್ಟು ಜನ ಕೇಳಿದ್ದೀರಿ? ತಂಗಿ ಶೆರಿಲ್ ಬೂನ್ ಐಸಾಕ್ಸ್ ಪ್ಯಾರಾಮೌಂಟ್‌ನಲ್ಲಿ 'ಫಾರೆಸ್ಟ್ ಗಂಪ್', 'ಬ್ರೇವ್‌ಹಾರ್ಟ್' ಚಿತ್ರಗಳ ಪ್ರಚಾರ ನಡೆಸಿದ್ರು. ಎರಡಕ್ಕೂ ಅತ್ಯುತ್ತಮ ಚಿತ್ರದ ಆಸ್ಕರ್ ಬಂತು. ಸ್ಕಾಟ್ಲೆಂಡಿನ ವೀರನ ಕಥೆಯನ್ನ ಜಗತ್ತಿಗೆ ಮಾರೋಕೆ ಚರ್ಮದ ಬಣ್ಣ ಅಡ್ಡ ಬಂತಾ?

2013ರಲ್ಲಿ ಅದೇ ಶೆರಿಲ್ ಆಸ್ಕರ್ ಅಕಾಡೆಮಿಯ ಅಧ್ಯಕ್ಷೆ ಆದ್ರು. ಆ ಕುರ್ಚಿಯಲ್ಲಿ ಕೂತ ಮೊದಲ ಆಫ್ರಿಕನ್-ಅಮೆರಿಕನ್. ಅವರ ಅವಧಿಯಲ್ಲೇ, 2015 ಮತ್ತು 2016ರಲ್ಲಿ, ನಟನೆಗೆ ನಾಮನಿರ್ದೇಶನಗೊಂಡ ಇಪ್ಪತ್ತಕ್ಕೆ ಇಪ್ಪತ್ತೂ ಜನ ಬಿಳಿಯರೇ. ಜಗತ್ತೆಲ್ಲ ಪ್ರಶ್ನೆ ಮಾಡಿತು. ಕೊನೆಗೆ 2020ರೊಳಗೆ ಮಹಿಳಾ ಮತ್ತು ಅಲ್ಪಸಂಖ್ಯಾತ ಸದಸ್ಯರನ್ನ ದುಪ್ಪಟ್ಟು ಮಾಡ್ತೀವಿ ಅಂತ ಅಕಾಡೆಮಿ ಘೋಷಿಸಬೇಕಾಯ್ತು. ಒಬ್ಬರು ಮೇಲೆ ಕೂತ ತಕ್ಷಣ ಮನೆ ಪೂರ್ತಿ ಬದಲಾಗಲ್ಲ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ನಮ್ಮ ಸುದ್ದಿಮನೆಯಲ್ಲೂ ದಿನಾ 'ಟಾರ್ಗೆಟ್ ಆಡಿಯೆನ್ಸ್' ಅಂತೀವಿ. ಟಿಆರ್‌ಪಿಗೆ ಯಾವ ಜನ ಬೇಕು ಅಂತ ಲೆಕ್ಕ ಹಾಕ್ತೀವಿ. ಆ ಜನರ ಪೈಕಿ ಎಷ್ಟು ಮಂದಿ ನಮ್ಮ ಮೀಟಿಂಗ್‌ನಲ್ಲಿ ಕೂತಿರ್ತಾರೆ? ಟಿಕೆಟ್ ಕೌಂಟರ್‌ನಲ್ಲಿ ಬೇಕಾದವರು ನಿರ್ಧಾರ ಮಾಡೋ ಜಾಗದಲ್ಲೂ ಬೇಕು ಸ್ವಾಮಿ. ಅದೂ ಅವರ ಕಥೆ ಬಂದಾಗ ಮಾತ್ರ ಅಲ್ಲ, ಎಲ್ಲರ ಕಥೆಗೂ.